ಗ್ರಹಣದ ದಿನ ಹತ್ತದೇ ಉಳಿದ ಬಸ್ಸು

ವಳ್ಳೂರಿನ ಬಸ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಶಾ ಕಾರ್ಯಕರ್ತೆ ಇಂದ್ರಮ್ಮ ಮೂವರು ಬಸುರಿಯರ ತಾಯಿ ಕಾರ್ಡುಗಳನ್ನು ತಿರುವಿ ನೋಡುತ್ತಿದ್ದಾರೆ. ಮೂವರಿಗೂ ಐದನೇ ತಿಂಗಳು. ಮಗುವಿನ ಹೃದಯ, ಬೆನ್ನುಮೂಳೆ, ಮಿದುಳನ್ನು ಬಿಡಿಬಿಡಿಯಾಗಿ ನೋಡುವ ತಜ್ಞ ವೈದ್ಯೆ ಮಧುಗಿರಿಯ ಸ್ಕ್ಯಾನಿಂಗ್ ಸೆಂಟರಿಗೆ ಬರುವುದು ತಿಂಗಳಿಗೊಮ್ಮೆ, ಅದೂ ಇವತ್ತು.

"ತಿಂಡಿ ತಿಂದ್ರೇನಮ್ಮ? ಬಸ್ನಾಗೆ ತಲೆ ತಿರುಗ್ತೈತೆ," ಎನ್ನುತ್ತಾರೆ. ಇಬ್ಬರು ತಲೆಯಾಡಿಸುತ್ತಾರೆ. ಮೂರನೆಯವಳು ಪುಷ್ಪಾವತಿ. ಅತ್ತೆ ಸರೋಜಮ್ಮನ ಒತ್ತಾಯಕ್ಕೆ ಬಂದವಳು, ಇಂದ್ರಮ್ಮನ ಮುಖವನ್ನೇ ನೋಡುವುದಿಲ್ಲ.

ಹದಿನಾರು ವರ್ಷದಿಂದ ಇಂದ್ರಮ್ಮನದು ಇದೇ ಓಡಾಟ. ದಿನಕ್ಕೆ ಹದಿನೈದು ಮನೆ, ವರ್ಷಕ್ಕೆ ಇಪ್ಪತ್ತರ ಆಸುಪಾಸು ಬಸುರಿಯರು. ಊರ ಸುತ್ತ ಹಬ್ಬಿದ ಸೋಲಾರ್ ಫಲಕಗಳ ನಡುವಿನ ರಸ್ತೆಯಲ್ಲಿ ಕೂತು ಸುಧಾರಿಸಿಕೊಳ್ಳಲು ಒಂದು ಮರವೂ ಇಲ್ಲ. "ಮೊದಮೊದ್ಲು ನನ್ನ ಕಂಡ್ರೆ ಬಾಗ್ಲು ಹಾಕ್ಕೊಳ್ಳೋರು. ಈಗ ಅತ್ತೆದೀರೇ ಕೂಗಿ ಕರೀತಾರೆ." ಹೋದ ವರ್ಷ ಆ ನಂಬಿಕೆಯೇ ಮುಳುವಾಯಿತು.

ಪುಷ್ಪಾವತಿಯ ಚೊಚ್ಚಲ ಬಸಿರಿನ ಸ್ಕ್ಯಾನಿಗೆ ನಿಗದಿಯಾದ ದಿನವೇ ಸಂಜೆ ಚಂದ್ರಗ್ರಹಣ. ವಾಪಸ್ ಬರುವಾಗ ದಾರಿಯಲ್ಲೇ ಗ್ರಹಣ ಹಿಡಿದರೆ ಮಗುವಿಗೆ ಊನವಾದೀತೆಂದು ಸರೋಜಮ್ಮ ಹೆದರಿದರು; ಇಂದ್ರಮ್ಮ ಹೇಳಿದಂತೆ ಕೇಳುತ್ತೇನೆ ಎಂದರು. ಏನೂ ಆಗದು, ಹೋಗೋಣ ಎಂದು ಇಂದ್ರಮ್ಮ ಹೇಳಬಹುದಿತ್ತು. ಹೇಳಲಿಲ್ಲ, ಏಕೆಂದರೆ ಅವರಿಗೂ ಅದೇ ಭಯ. "ನನ್ನ ಮಗಳ್ನೂ ಗ್ರಹಣದಾಗೆ ಕೋಣೆಯಿಂದ ಈಚೆ ಬುಟ್ಟಿರ್ಲಿಲ್ಲ ಕಣಮ್ಮ. ಮುಂದಿನ್ ತಿಂಗ್ಳು ಹೋಗಾನ ಅಂದ್ಬುಟ್ಟೆ." ಮುಂದಿನ ತಿಂಗಳು ಪುಷ್ಪಾವತಿ ತವರಿಗೆ ಹೋದಳು, ಸ್ಕ್ಯಾನು ಹಾಗೇ ಉಳಿಯಿತು. ಊನದ ಭಯಕ್ಕೆ, ಊನ ಇದ್ದರೆ ತೋರಿಸುವ ಸ್ಕ್ಯಾನನ್ನೇ ತಪ್ಪಿಸಿದ್ದರು.

ತವರಿಂದ ಮರಳಿದವಳಿಗೆ ಮಧುಗಿರಿ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಇಂದ್ರಮ್ಮ ಜೊತೆಗಿದ್ದರು. ಹುಟ್ಟಿದ ಸ್ವಲ್ಪ ಹೊತ್ತಿಗೇ ಮಗು ನೀಲಿಗಟ್ಟಿತು. ಹೃದಯದ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದವಂತೆ. ಮೊದಲೇ ತಿಳಿದಿದ್ದರೆ ಬೆಂಗಳೂರಿನಲ್ಲೇ ಹೆರಿಗೆ ಮಾಡಿಸಿ, ಶಸ್ತ್ರಚಿಕಿತ್ಸೆಯಿಂದ ಉಳಿಸಿಕೊಳ್ಳಬಹುದಿತ್ತೇನೋ ಎಂದರು ವೈದ್ಯರು. ಬೆಂಗಳೂರಿಗೆ ಹೊರಟ ಆಂಬುಲೆನ್ಸ್ ಕೊರಟಗೆರೆ ದಾಟುವಷ್ಟರಲ್ಲಿ ಇಂದ್ರಮ್ಮನ ಮಡಿಲಲ್ಲೇ ಮಗುವಿನ ಉಸಿರು ನಿಂತಿತು.

"ಪುಷ್ಪಾವತಿ ಬೈದಿದ್ರೂ ಚೆನ್ನಾಗಿತ್ತು. ಮಾತೇ ಬುಟ್ಬುಟ್ಳು," ಎನ್ನುತ್ತಾರೆ ಇಂದ್ರಮ್ಮ. ಈಗ ಅವರು ಬಸುರಿಯರ ಮನೆಗೆ ಹೊರಡುವ ಮುನ್ನ ಪಂಚಾಂಗ ನೋಡುತ್ತಾರೆ. ಸ್ಕ್ಯಾನಿನ ದಿನ ಗ್ರಹಣವಿದ್ದರೆ ಹಿಂದಿನ ದಿನವೇ ಹೋಗಿ ಅತ್ತೆಯರ ಮುಂದೆ ಕೂರುತ್ತಾರೆ, ಹೂಂ ಅನ್ನುವವರೆಗೂ ಏಳುವುದಿಲ್ಲ.

ಮಧ್ಯಾಹ್ನ ಸ್ಕ್ಯಾನಿಂಗ್ ಕೋಣೆಯ ಬಾಗಿಲು ತೆರೆಯುತ್ತದೆ. ಪುಷ್ಪಾವತಿ ಹೊರಬಂದು ವರದಿಯನ್ನು ಇಂದ್ರಮ್ಮನ ಕೈಗಿಡುತ್ತಾಳೆ. "ಎಲ್ಲಾ ಸರಿಯಾಗೈತಂತೆ, ಇಂದ್ರಕ್ಕ."

ವರ್ಷದ ಮೇಲೆ ಅವಳಾಡಿದ ಮೊದಲ ಮಾತು. ಇಂದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಖುಷಿಯಾಯಿತೇ ಎಂದರೆ ವರದಿಯನ್ನು ಮಡಚಿ ತಾಯಿ ಕಾರ್ಡಿನೊಳಗೆ ಇಡುತ್ತಾರೆ.

"ಹೋದ್ಸಲಾನೂ ಇಷ್ಟೇ ಇದ್ದಿದ್ದು ಕಣಮ್ಮ ಕೆಲ್ಸ. ಒಂದ್ ಬಸ್ಸು ಹತ್ತಿಸೋದು."