ಬಿಚ್ಚುಗೂದಲಿನ ಚಿತ್ರ

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ರಾಯಚೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಆಗ ಊರಿನ ಹತ್ತಿ ಗಿರಣಿಯ ಗುಮಾಸ್ತರೊಬ್ಬರಿಗೆ ಹಳೆಯ ಸಿನಿಮಾದ ಹುಚ್ಚಿತ್ತು. ಹೈದರಾಬಾದಿನಿಂದ ರೀಲಿನ ಡಬ್ಬಿ ತರಿಸಿ, ಭಾನುವಾರ ನಮ್ಮ ಶಾಲೆಯ ಹಾಲಿನಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿ ತೋರಿಸುತ್ತಿದ್ದರು. ಪ್ರತಿ ಸಿನಿಮಾಕ್ಕೂ ಅದೇ ಭಾವದ ಹೊಸ ಚಿತ್ರವೊಂದನ್ನು ನಮ್ಮಂಥವರಿಂದ ಬರೆಸಿ ಪರದೆಯ ಪಕ್ಕ ತೂಗುಹಾಕುವುದು ಅವರ ಪದ್ಧತಿ. "ಹೊಂದಬೇಕ್ರೀ ಅಕ್ಕಾರ. ಚಿತ್ರ ನೋಡಿದ ಕೂಡ್ಲೇ ಸಿನಿಮಾದ ಗಾಳಿ ಹೊಡೀಬೇಕು" ಅನ್ನುತ್ತಿದ್ದರು. ಹೊಂದದಿದ್ದರೆ ಮುಖದ ಮೇಲೇ ಹೇಳಿಬಿಡುವ ಆಸಾಮಿ. ನನಗೆ ಸಿಟ್ಟು ಬರುತ್ತಿತ್ತು, ಆದರೂ ಬರೆಯುತ್ತಿದ್ದೆ.

ಒಮ್ಮೆ ಪಾಳುಮನೆಯಲ್ಲಿ ದೆವ್ವವಾಗಿ ಅಲೆಯುವ ಹೆಣ್ಣೊಬ್ಬಳ ಕಪ್ಪುಬಿಳುಪು ಸಿನಿಮಾ ಬಂತು. ನಾನು ತೀರಿಹೋದ ತಂಗಿಯನ್ನು ಬರೆದೆ. ನಮ್ಮೂರು ದೇವದುರ್ಗದಲ್ಲಿ ಬಟ್ಟೆ ಒಗೆಯಲು ಹೋಗಿ ಬಾವಿಗೆ ಜಾರಿದವಳು. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಕ್ಕಳು ಕೂದಲು ಬಿಟ್ಟುಕೊಂಡು ಹೊಸ್ತಿಲ ಮೇಲೆ ಕೂರಬಾರದು ಅನ್ನುತ್ತಾರೆ ನಮ್ಮ ಕಡೆ. ನಾನು ಅವಳನ್ನು ಹಾಗೇ ಕೂರಿಸಿದ್ದೆ, ಬೆನ್ನು ಮಾಡಿ. ಯಾಕೋ ಏನೋ, ಕೈ ಬರೆಯಿತು. ಅಂಜಿಕೆಯಾಗಿ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿಟ್ಟು ಮಲಗುತ್ತಿದ್ದೆ. ತಿರುಗಿಸಿದ ಮೇಲೆ ಅವಳ ಮುಖ ನನ್ನ ಕಡೆ ಆಯಿತಲ್ಲ ಅನ್ನಿಸಿ ಇನ್ನಷ್ಟು ಜೀವ ಝಲ್ಲೆನ್ನುತ್ತಿತ್ತು.

ಆ ಭಾನುವಾರ ಅವ್ವ ದೇವದುರ್ಗದಿಂದ ಬಂದಳು. ಸಿನಿಮಾ ಅಂದರೆ ಅವಳಿಗೆ ಪ್ರಾಣ. ಹಾಲಿನೊಳಗೆ ಬಂದವಳು ಚಿತ್ರದೆದುರು ನಿಂತುಬಿಟ್ಟಳು. ಹಿಂದಿನ ಬೆಂಚಿನ ಹೆಂಗಸೊಬ್ಬಳು, "ಯವ್ವಾ, ದೆವ್ವ ನೋಡ್ರಿ, ಕೂದ್ಲ ಬಿಟ್ಕೊಂಡು ಕುಂತದ" ಅಂದಳು. ಸುತ್ತಲಿನವರು ನಕ್ಕರು. ಆಟ ಶುರುವಾದರೂ ಅವ್ವ ಪರದೆ ನೋಡಲಿಲ್ಲ. ಪರದೆಯ ಬೆಳಕು ಬಿದ್ದಾಗಲೆಲ್ಲ ಚಿತ್ರದ ಕೂದಲು ಅಲುಗಿದಂತೆ ಕಾಣುತ್ತಿತ್ತು. ಅದನ್ನೇ ನೋಡುತ್ತ ಕೂತಳು.

ಆಟ ಮುಗಿದು, ಚಿತ್ರ ಹೊತ್ತುಕೊಂಡು ನನ್ನ ಕೋಣೆಗೆ ಬಂದ ಮೇಲೆ ಕೇಳಿದಳು, "ಅಕಿ ನನ್ನ ಮಗಳಲ್ಲೇನು?"

"ಹೌದಬೇ ಯವ್ವಾ."

"ಅಕಿನ್ನ ದೆವ್ವ ಯಾಕ ಮಾಡಿದಿ?"

ಬಾವಿಯ ಸುದ್ದಿ ತಿಳಿದು ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಗಿ ಹೋದ ದಿನದ ಮಾತನ್ನು ಅವ್ವ ಆಡಿದ್ದು ಆಗಲೇ ಮೊದಲು. ನೀರಿನಿಂದ ಎತ್ತಿದಾಗ ಹೆರಳು ಬಿಚ್ಚಿತ್ತಂತೆ. ಬಾಚಿ ಹಾಕುತ್ತೇನೆಂದು ಅವ್ವ ಬೇಡಿಕೊಂಡರೂ ಹಿರಿಯರು ಹೊತ್ತಾಯಿತೆಂದು ಬಿಡದೆ, ಒದ್ದೆ ಕೂದಲಲ್ಲೇ ಮಣ್ಣು ಮಾಡಿದರಂತೆ. "ಅವತ್ತಿಂದ ದೀಪ ಹಚ್ಚೋ ಹೊತ್ತಿಗೆ ಹೊಸ್ತಿಲದಾಗ ಹಂಗೇ ಬಂದು ಕುಂದರ್ತಾಳ. ನನಗ ಒಬ್ಬಾಕಿಗೇ ಕಾಣ್ತಾಳ ಅನ್ಕೊಂಡಿದ್ದೆ" ಅಂದಳು.

ಚಿತ್ರ ಬರೆಯುವ ಮೊದಲು ಇದ್ಯಾವುದನ್ನೂ ನಾನು ಯಾರಿಂದಲೂ ಕೇಳಿರಲಿಲ್ಲ.

ಮರುದಿನ ಅವ್ವ ನನ್ನನ್ನು ಶಾಲೆಗೆ ಬಿಡಲಿಲ್ಲ. "ಹೆರಳ ಹಾಕು ಅಕಿಗೆ" ಅಂದಳು. ಬಣ್ಣ ಕಲಸಿ ಕೂತೆ. "ಬಿಗಿ ಆಗ್ಲಿ, ಅಕಿ ಕೂದ್ಲ ದಪ್ಪ" ಅನ್ನುತ್ತ ಪಕ್ಕದಲ್ಲಿ ಕೂತು ಬರಿಗಾಳಿಯಲ್ಲಿ ತಾನೂ ಹೆಣೆಯುತ್ತಿದ್ದಳು. ತುದಿಗೆ ಕೆಂಪು ರಿಬ್ಬನ್ ಬರೆಸಿದಳು. ಆಮೇಲೆ ಇಬ್ಬರೂ ಅತ್ತೆವು.

ಮುಂದಿನ ಭಾನುವಾರ ಗುಮಾಸ್ತರು ಅದೇ ಸಿನಿಮಾವನ್ನು ಮಾನ್ವಿಯಲ್ಲಿ ತೋರಿಸುವವರಿದ್ದರು; ಚಿತ್ರವನ್ನು ನಾನೇ ಒಯ್ದೆ. ಅವ್ವ ಹಠ ಹಿಡಿದು ಜೊತೆಗೆ ಬಂದಳು. ಗುಮಾಸ್ತರು ಚಿತ್ರ ನೋಡಿ ಮುಖ ಗಂಟು ಹಾಕಿದರು. "ಏನ್ರೀ ಅಕ್ಕಾರ, ಕೆಡಿಸಿಬಿಟ್ರಿ. ಈಗ ಸಿನಿಮಾಕ್ಕ ಹೊಂದೂದೇ ಇಲ್ಲಲ್ರೀ."

ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು, "ಹೊಂದಬಾರ್ದು ಅಂತನೇ ಹೆರಳ ಹಾಕ್ಸೀನ್ರಿ."

ಅವರು ಅದನ್ನು ತೂಗುಹಾಕಲಿಲ್ಲ. ಅವ್ವ ಚಿತ್ರವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೆರಗು ಹೊದಿಸಿ, ಸಿನಿಮಾ ಪೂರ್ತಿ ನೋಡಿದಳು.