ತಮ್ಮ ಬಿಟ್ಟೆದ್ದ ಅರ್ಧ ಗ್ಲಾಸು

ಮೊದಲು ನಡುಗಿದ್ದು ಕೈ. ಬಮ್ಮಿಗಟ್ಟಿಯ ನಮ್ಮ ಹಿಟ್ಟಿನ ಗಿರಣಿಯಲ್ಲಿ ಬೆಳಿಗ್ಗೆ ಯಾರದೋ ಜೋಳದ ಬುಟ್ಟಿ ಎತ್ತಿ ಸುರಿಯುತ್ತಿದ್ದೆ. ಮುಕ್ಕಾಲು ಜೋಳ ನೆಲದ ಪಾಲಾಯಿತು. ಇನ್ನು ದಾರೂ ಮುಟ್ಟುವುದಿಲ್ಲವೆಂದು ಹೆಂಡತಿ ಕಸ್ತೂರಿಗೆ ಮಾತು ಕೊಟ್ಟು ಒಂದೆರಡು ದಿನವಾಗಿತ್ತಷ್ಟೆ. ಬಳಿಯಲು ಬಗ್ಗಿದ್ದು ನೆನಪಿದೆ.

ಕಣ್ಣು ಬಿಟ್ಟದ್ದು ಧಾರವಾಡದ ಆಸ್ಪತ್ರೆಯಲ್ಲಿ.

ಫಿಟ್ಸ್ ಬಂದಿತ್ತಂತೆ. ನಿತ್ಯ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಹೀಗಾಗಬಹುದು, ಇದು ವಿತ್‌ಡ್ರಾವಲ್ ಎಂದರು ಡಾಕ್ಟರಮ್ಮ. ನನ್ನನ್ನು ಹೊತ್ತು ತಂದವನು ತಮ್ಮ ಚಂದ್ರು. ಮಂಚದ ಬದಿಯಲ್ಲಿ ನಿಂತು ಕ್ಯಾಂಟೀನಿನ ನೀರಿನಂಥ ಚಹಾವನ್ನು ಸುಖವಾಗಿ ಹೀರುತ್ತಿದ್ದ. ನನಗೆ ಕೃತಜ್ಞತೆ ಹುಟ್ಟಬೇಕಿತ್ತು. ಹೊಟ್ಟೆಕಿಚ್ಚು ಹುಟ್ಟಿತು.

ನಾವಿಬ್ಬರೂ ಮೊದಲ ಗುಟುಕು ಕುಡಿದದ್ದು ಒಂದೇ ದಿನ, ಒಂದೇ ಬಾಟಲಿಯಿಂದ. ಅವನಿಗೆ ಅದು ಮದುವೆ ಮುಂಜಿವೆಗೆ ಸೀಮಿತವಾದ ಮೋಜಾಗಿ ಉಳಿಯಿತು. ನನ್ನನ್ನು ಪೂರಾ ನುಂಗಿತು.

ಮನೆಗೆ ಬಂದ ಮೇಲೆ ಶುರುವಾದದ್ದು ಬೇರೆಯೇ ರೋಗ. ಏನೂ ಬೇಕೆನಿಸುತ್ತಿರಲಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು, ಎಲ್ಲವೂ ಬಾಯಿಗೆ ಒಂದೇ. ಕಸ್ತೂರಿ ಟಿವಿ ನೋಡಿ ನಕ್ಕರೆ ಎದ್ದು ಹೋಗುತ್ತಿದ್ದೆ. ನೀರು ಕುಡಿದು ತೃಪ್ತಿಯಿಂದ ಕಿವಿಯಾಡಿಸುವ ಎಮ್ಮೆಯನ್ನು ಕಂಡರೂ ಕಿಚ್ಚು. ಜಗತ್ತಿಗೆಲ್ಲ ಹಂಚಿದ ಏನನ್ನೋ ನನ್ನೊಬ್ಬನಿಗೆ ತಪ್ಪಿಸಿದ್ದಾರೆ ಅನ್ನಿಸುತ್ತಿತ್ತು.

ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮನಿಗೆ ಇದನ್ನೇ ಹೇಳಿದೆ.

"ಮಿದುಳಿನ್ಯಾಗ ಖುಷಿದೊಂದು ದಾರಿ ಇರತೈತ್ರಿ, ರಿವಾರ್ಡ್ ಸಿಸ್ಟಮ್ ಅಂತೀವಿ," ಎಂದರು. "ಊಟ, ನಗಿ, ಮಾತು, ಎಲ್ಲಾ ಅಲ್ಲಿ ಸ್ವಲ್ಪ ಸ್ವಲ್ಪ ಡೋಪಮಿನ್ ಬಿಡಸ್ತಾವು. ದಾರೂ ಒಮ್ಮಿಗೇ ಸುರುವತೈತಿ. ನಿಮ್ಮ ಗಿರಣಿ ಸಪ್ಪಳಕ್ಕ ಕಿವಿ ಮಂದ ಆಗಂಗಿಲ್ಲೇನು? ಹಂಗ ಇದೂ ಮಂದ ಆಗೇತಿ. ಸಣ್ಣ ಖುಷಿ ಈಗ ಅದಕ್ಕ ಕೇಳಸಂಗಿಲ್ಲ."

"ಮತ್ತ ನನ್ನ ತಮ್ಮಗ್ಯಾಕ ಹಿಂಗಾಗಲಿಲ್ರಿ?"

"ಎಲ್ಲಾರ ಮಿದುಳು ಒಂದ ನಮೂನಿ ಇರಂಗಿಲ್ರಿ. ಅದು ಅವರ ಶಾಣ್ಯಾತನಾನೂ ಅಲ್ಲ, ನಿಮ್ಮ ಕೆಟ್ಟತನಾನೂ ಅಲ್ಲ. ಗುಳಿಗಿ ತಗೋರಿ, ಕೌನ್ಸೆಲಿಂಗ್ ತಪ್ಪಸಬ್ಯಾಡ್ರಿ. ಕೇಳಸಾಕ ಹತ್ತತೈತಿ. ತಡಾ ಆಗತೈತಿ ಅಷ್ಟ."

ತಡವೇ ಆಯಿತು. ಅದರ ನಡುವೆ ಕಲಘಟಗಿಯಲ್ಲಿ ನೆಂಟರ ಮದುವೆ. ಸಂಜೆ ಗಂಡಸರೆಲ್ಲ ಢಾಬಾಕ್ಕೆ ಹೋದರು. ನಾನು ಊಟಕ್ಕೆಂದು ಹೋದೆ. ಚಂದ್ರು ಬಿಯರ್ ಹಾಕಿಸಿಕೊಂಡ. ಅರ್ಧ ಕುಡಿದ. ಹೊರಗೆ ಯಾರೋ ಕರೆದರು, ಗ್ಲಾಸು ಬಿಟ್ಟು ಎದ್ದು ಹೋದ. ಹೋಗುವಾಗ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಅವನು ಕುಡಿದದ್ದಕ್ಕಲ್ಲ, ಬಿಟ್ಟದ್ದಕ್ಕೆ ನನ್ನ ಮೈ ಉರಿಯಿತು. ಅರ್ಧ ಬಿಡುವುದು ಹೇಗೆ? ಎಂಥ ತಲೆ ಅದು? ನನಗೇಕೆ ಕೊಡಲಿಲ್ಲ ದೇವರು ಅಂಥದ್ದನ್ನು?

ಗ್ಲಾಸು ಎತ್ತಿ ಕುಡಿದೆ.

ಆಮೇಲಿನ ವಾರ ಹೇಳುವಂಥದ್ದಲ್ಲ. ಮತ್ತೆ ಅದೇ ವಾರ್ಡು. ಈ ಸಲ ಕಸ್ತೂರಿ ಅಳಲೂ ಇಲ್ಲ. ಡಾಕ್ಟರಮ್ಮ ಬೈಯಲಿಲ್ಲ; ಹಳೆಯ ದಾರಿಯನ್ನು ಮಿದುಳು ಮರೆತಿರುವುದಿಲ್ಲ, ಮತ್ತೆ ಶುರು ಮಾಡೋಣ ಎಂದರು. ಚಂದ್ರು ತಲೆ ತಗ್ಗಿಸಿ ಕೂತಿದ್ದ.

"ನಂದ ತಪ್ಪಣ್ಣಾ. ನಿನ್ನ ಮುಂದ ಕುಡೀಬಾರದಿತ್ತು."

"ಕುಡದದ್ದಕ್ಕಲ್ಲಲೇ," ಎಂದೆ. "ನಿನಗ ಹೆಂಗ ಸಾಕಾತು? ಅದನ್ನ ಹೇಳು."

"ಗೊತ್ತಿಲ್ಲಣ್ಣಾ. ನಾ ಏನೂ ಮಾಡಂಗಿಲ್ಲ. ತಾನಾ ಸಾಕಾಗತೈತಿ."

ಆ ಉತ್ತರಕ್ಕೆ ಇನ್ನಷ್ಟು ಉರಿಯಿತು. ಆದರೆ ಒಳಗೆ ಏನೋ ಸಡಿಲವೂ ಆಯಿತು. ಅವನು ಗೆದ್ದು ಗಳಿಸಿದ್ದಲ್ಲ ಅದು. ನಾನು ಸೋತು ಕಳೆದದ್ದೂ ಅಲ್ಲ. ಎತ್ತರದಂತೆ, ಬಣ್ಣದಂತೆ, ಅವನಿಗೆ ಬಂದದ್ದು. ನನಗೆ ಬಂದದ್ದನ್ನು ಇಟ್ಟುಕೊಂಡು ನಾನು ಬದುಕಬೇಕು.

ಅಂದಿನಿಂದ ಚಂದ್ರು ಹೊಲದ ಕೆಲಸ ಮುಗಿಸಿ ಸಂಜೆ ಗಿರಣಿಗೆ ಬಂದು ಕೂಡತೊಡಗಿದ. ಕುಡಿಯುವ ಹೊತ್ತಿಗೆ ನಾನು ಒಬ್ಬನೇ ಇರಬಾರದೆಂದು. ಕಾವಲುಗಾರನಂತೆ ಕಾಣುತ್ತಿದ್ದ, ಅದಕ್ಕೂ ಸಿಟ್ಟು ಬರುತ್ತಿತ್ತು. ಮಳೆಗಾಲ ಹಾಗೇ ಕಳೆಯಿತು.

ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಅವನು ಹೆಣ್ಣು ನೋಡಲು ತಂಬೂರು ಹಳ್ಳಿಗೆ ಹೊರಟಿದ್ದ. ಇಸ್ತ್ರಿಯ ನೀಲಿ ಅಂಗಿ, ಎಣ್ಣೆ ಹಚ್ಚಿದ ಕ್ರಾಪು, ಅತ್ತರು. ಹೋಗುವ ಮುನ್ನ ಗಿರಣಿಗೆ ಇಣುಕಿದ. ಹಿಟ್ಟು ಇಳಿಯುವ ಬಾಯಿಗೆ ಕಟ್ಟಿದ ಬಟ್ಟೆಯ ತೋಳು ಸರಿದಿತ್ತು. "ಸರಿ, ನಾ ಕಟ್ಟತೀನಿ," ಎಂದು ಬಗ್ಗಿದ. ಬಟ್ಟೆ ಪಟ್ಟನೆ ಕಳಚಿತು. ಹಿಟ್ಟೆಲ್ಲ ಅವನ ಮೇಲೆ. ಎದ್ದು ನಿಂತಾಗ ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ಬಿಳಿ.

"ಹೆಣ್ಣು ನೋಡಾಕ ಹೊಂಟೇನಿ, ಅಣ್ಣಾ," ಎಂದ, ಅಳುವ ದನಿಯಲ್ಲಿ. ಬಾಯಿಂದ ಹಿಟ್ಟು ಹಾರಿತು.

ನಾನು ನಕ್ಕೆ. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಂತೆ. ಅಷ್ಟು ಚಂದ ಕಾಣುತ್ತಿದ್ದವನು ಕೆಟ್ಟುಹೋದನಲ್ಲಾ ಎಂಬ ಕಿಚ್ಚಿನ ಖುಷಿಯೂ ಅದರಲ್ಲಿ ಇದ್ದಿರಬೇಕು. ಇರಲಿ. ನಗು ಬಂದದ್ದಂತೂ ನಿಜ. ಯಾವ ಗ್ಲಾಸೂ ಇಲ್ಲದೆ ಬಂದಿತ್ತು.

ಹಿತ್ತಲಲ್ಲಿದ್ದ ಕಸ್ತೂರಿ ಒದ್ದೆ ಕೈಯಲ್ಲೇ ಓಡಿ ಬಂದಳು.

"ಯಾರು ನಕ್ಕದ್ದು?" ಎಂದಳು.

ಚಂದ್ರು ಬಿಳಿಯ ಬೆರಳೆತ್ತಿ ನನ್ನನ್ನು ತೋರಿಸಿದ.