ಎರಡು ಸೀಡಿಗಳ ನಡುವಿನ ದನಿ

ನಿನ್ನೆ ಅಣ್ಣನ ಮಗ ಮೊಬೈಲಿನಲ್ಲಿ, ಅಣ್ಣ ಹಿಂದೆ ಕೇಳುತ್ತಿದ್ದ ಮೆಟಲ್ ಸಂಗೀತದ ಆಲ್ಬಮ್ ಹಚ್ಚಿದ. ಮೊದಲ ಪಿಟೀಲಿಗೇ ನನಗೆ ಹಳೇ ಮನೆ ನೆನಪಾಯಿತು.

ಅದನ್ನು ಮೊದಲು ಕೇಳಿದಾಗ ನಾವು ನಿಗಡಿ ಊರಿನ ಒಂದೇ ಖೋಲಿಯ ಮನೆಯಲ್ಲಿದ್ದೆವು. ಗೆಳೆಯನ ಹತ್ತಿರವಿದ್ದ ಎರಡು ಸೀಡಿಗಳಿಂದ ಅಣ್ಣ ಅದನ್ನು ಮನೆಯ ಹಳೇ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದ. ಅದರಲ್ಲಿ ಒಬ್ಬಾತ ಸತ್ತವರ ಊರಿಗೆ ಹೋಗುವ ಕಥೆ. ಅಲ್ಲಿ ಸಿಗುವ ಸತ್ತವರಲ್ಲಿ ಒಬ್ಬೊಬ್ಬರಿಗೂ ಒಬ್ಬೊಬ್ಬ ಗಾಯಕ.

"ನಮ್ಮ ದೊಡ್ಡಾಟ ಇದ್ದಂಗ ಅದ ನೋಡವ್ವಾ," ಅನ್ನುತ್ತಿದ್ದ ಅಣ್ಣ.

"ಸುಡುಗಾಡು ಗದ್ಲ. ಬಂದ್ ಮಾಡೋ," ಅನ್ನುತ್ತಿದ್ದಳು ಅವ್ವ.

ಒಂದು ಮಧ್ಯಾಹ್ನ ಗಿಟಾರಿನ ಅಬ್ಬರ ನಿಂತ ಕೂಡಲೇ ಮುದುಕಿಯೊಬ್ಬಳ ದನಿ ಬಂತು. ಬೀಸೋಕಲ್ಲಿನ ಪದ. ಒಂದು ಶಬ್ದದ ನಡುವೆಯೇ ಅದನ್ನು ಕಡಿದು ಡ್ರಮ್ಮು ಬಡಿಯಿತು. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಅದು ತೀರಿಹೋಗಿದ್ದ ನಮ್ಮಜ್ಜಿ, ಅವ್ವನ ಅವ್ವ. ತಾನು ತುಂಬಿಸಿಕೊಂಡದ್ದು ಅವಳ ಹಾಡು ಇದ್ದ ಕ್ಯಾಸೆಟ್ಟಿನ ಮೇಲೆಂದು ಅಣ್ಣನಿಗೆ ಗೊತ್ತಿರಲಿಲ್ಲ. ಸೀಡಿ ಬದಲಿಸುವಾಗ ರೆಕಾರ್ಡಿಂಗ್ ನಿಂತ ಜಾಗದಲ್ಲಿ ಅಳಿಯದೆ ಉಳಿದದ್ದು ಅಷ್ಟೇ.

ಅವ್ವ ಬೈಯಲಿಲ್ಲ. ಮರುದಿನದಿಂದ ರೊಟ್ಟಿಗೆ ಕೂತಾಗಲೆಲ್ಲ, "ಆ ಗದ್ಲ ಹಚ್ಚೋ," ಅನ್ನತೊಡಗಿದಳು. ಮೊದಲ ಸೀಡಿಯ ಸತ್ತವರೆಲ್ಲ ಒಬ್ಬೊಬ್ಬರಾಗಿ ಹಾಡಿ ಮುಗಿಸುವ ತನಕ, ತನ್ನವ್ವನ ಪಾಳಿ ಬರಲೆಂದು ಕಾಯುತ್ತಿದ್ದಳು. ಕಡೆಗೊಂದು ದಿನ ಟೇಪು ಹರಿದೇ ಹೋಯಿತು.

ನಿನ್ನೆ ಮೊಬೈಲಿನಲ್ಲಿ ಆ ಜಾಗ ಬಂದಾಗ ಬರೀ ಮೌನವಿತ್ತು. ಆಗ ನನ್ನ ಬೆನ್ನ ಹಿಂದೆ ಅಜ್ಜಿ ಹಾಡಿದಳು.

ತಿರುಗಿ ನೋಡಿದೆ. ಎಂದೂ ಹಾಡದ ಅವ್ವ, ಮೆಂತ್ಯ ಸೊಪ್ಪು ಸೋಸುತ್ತ ಹಾಡುತ್ತಿದ್ದಳು. ದನಿ ಅವಳದಲ್ಲ, ಅಜ್ಜಿಯದು. ಕ್ಯಾಸೆಟ್ಟಿನಲ್ಲಿ ಹಾಡು ಕಡಿದಿದ್ದ ಅದೇ ಶಬ್ದದ ನಡುವೆ ತಟ್ಟನೆ ನಿಲ್ಲಿಸಿ, ಏನೂ ಆಗಿಲ್ಲವೆಂಬಂತೆ ಮತ್ತೆ ಸೊಪ್ಪಿಗೆ ಕೈಹಾಕಿದಳು.